ಅಮೇರಿಕದ ಹಿಸ್ಪಾನಿಕ್ ಕೇರಿಗಳು

ಅಮೇರಿಕ ಸಂಯುಕ್ತ ಸಂಸ್ಥಾನಗಳಲ್ಲಿ 2020ನೆಯ ಇಸವಿಯಲ್ಲಿ ನಡೆದ ಜನಗಣತಿಯು ಆ ದೇಶದ ನಿವಾಸಿಗಳ ಪೈಕಿ 6 ಕೋಟಿ 21 ಲಕ್ಷ ಜನರು ಹಿಸ್ಪಾನಿಕ್ ಎಂಬ ವರ್ಗಕ್ಕೆ ಸೇರಿದವರೆಂದು ತಿಳಿಸಿತು. ಒಟ್ಟು ಜನಸಂಖ್ಯೆಯಲ್ಲಿ ಇದು ಶೇಕಡಾ 18.7 ಭಾಗ. 1990ರಲ್ಲಿ ಇದೇ ವರ್ಗದವರ ಸಂಖ್ಯೆ 2 ಕೋಟಿ 24 ಲಕ್ಷವಾಗಿತ್ತು. ಮೂವತ್ತು ವರ್ಷಗಳೊಳಗೆ ಎರಡೂ ಮುಕ್ಕಾಲು ಪಟ್ಟು ಬೆಳೆದಿರುವ ಈ ಸಮುದಾಯವು ಆ ರಾಷ್ಟ್ರದ ತೋಟಗಳಲ್ಲಿ ಹಣ್ಣು ಬಿಡಿಸುತ್ತದೆ, ಕಾರ್ಖಾನೆಗಳಲ್ಲಿ ಮಾಂಸವನ್ನು ಕೊಯ್ದು ಹಸನುಮಾಡುತ್ತದೆ, ಪಟ್ಟಣಗಳಲ್ಲಿ ಮನೆಗಳನ್ನು ಕಟ್ಟುತ್ತದೆ. ಹೀಗಿದ್ದೂ, ಅಲ್ಲಿಯ ಸರಕಾರದ ಲೆಕ್ಕದಂತೆ 2023ರಲ್ಲಿ ಇಡೀ ದೇಶದಲ್ಲಿ ಬಡತನದ ರೇಖೆಯ ಕೆಳಗಿದ್ದವರು ಶೇಕಡಾ 11.1 ಆಗಿದ್ದರೆ, ಹಿಸ್ಪಾನಿಕ್ ಜನರಲ್ಲಿ ಅಂಥವರು ಶೇಕಡಾ 16.6. ಇಷ್ಟೇ ಆಗಿದ್ದರೆ ವಿಷಯವು ಅರ್ಥಶಾಸ್ತ್ರಜ್ಞರಿಗೆ ಬಿಡತಕ್ಕದ್ದಾಗಿತ್ತು. ಆದರೆ ಈ ಬಡತನವು ದೇಶದ ಮೇಲೆಲ್ಲ ಸಮನಾಗಿ ಹರಡಿಕೊಂಡಿಲ್ಲ. ಕೆಲವು ಊರುಗಳ ಕೆಲವು ಕೇರಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಬೇರುಬಿಟ್ಟು ನಿಂತಿದೆ. ಅದು ಅಲ್ಲಿ ನಿಂತಿರುವುದೇಕೆ, ಯಾರು ನಿಲ್ಲಿಸಿದರು, ಎಂಬ ಪ್ರಶ್ನೆಯನ್ನೇ ನಾವು ಇಂದು ವಿಚಾರಿಸಬೇಕೆಂದಿದ್ದೇವೆ.

ಮೊದಲು ಹೆಸರಿನ ವಿಷಯ. ಹಿಸ್ಪಾನಿಕ್ ಎಂಬುದು ಒಂದು ಜನಾಂಗದ ಹೆಸರಲ್ಲ, ಮತದ ಹೆಸರೂ ಅಲ್ಲ. ಸ್ಪಾನಿಷ್ ಭಾಷೆಯನ್ನಾಡುವ ದೇಶಗಳಿಂದ ಬಂದವರನ್ನೂ ಅವರ ಸಂತತಿಯವರನ್ನೂ ಒಟ್ಟಾಗಿ ಎಣಿಸುವುದಕ್ಕೆ ಸರಕಾರವು ಇಟ್ಟುಕೊಂಡಿರುವ ಹೆಸರು. 1976ರಲ್ಲಿ ಇದಕ್ಕೊಂದು ಕಾನೂನಾಯಿತು. 1980ರ ಜನಗಣತಿಯಲ್ಲಿ ಎಲ್ಲ ಮನೆಗಳಿಗೂ ಈ ಪ್ರಶ್ನೆಯನ್ನು ಹಾಕಲಾಯಿತು. ಈ ಒಂದೇ ಹೆಸರಿನ ಕೆಳಗೆ ಬಹು ಭಿನ್ನವಾದ ಚರಿತ್ರೆಗಳು ಸೇರಿಕೊಂಡಿವೆ. 1848ರ ಗ್ವಾಡಲೂಪೆ ಹಿಡಾಲ್ಗೋ ಒಪ್ಪಂದದಿಂದ ಮೆಕ್ಸಿಕೋ ದೇಶವು ತನ್ನ ಉತ್ತರದ ವಿಶಾಲ ಭೂಭಾಗವನ್ನು ಕಳೆದುಕೊಂಡಾಗ ಅಲ್ಲಿ ಮೊದಲೇ ನೆಲಸಿದ್ದ ಕುಟುಂಬಗಳುಂಟು. ಅವರು ಗಡಿಯನ್ನು ದಾಟಿದವರಲ್ಲ, ಗಡಿಯೇ ಅವರನ್ನು ದಾಟಿ ಹೋಯಿತು. 1898ರಲ್ಲಿ ಅಮೇರಿಕದ ವಶವಾಗಿ 1917ರಲ್ಲಿ ಪೌರತ್ವ ಪಡೆದ ಪ್ಯೂರ್ಟೋರಿಕೋ ದ್ವೀಪದವರುಂಟು. 1959ರ ಕ್ರಾಂತಿಯ ತರುವಾಯ ಓಡಿಬಂದ ಕ್ಯೂಬಾ ದೇಶದವರುಂಟು. 1980ರ ದಶಕದಲ್ಲಿ ಅಂತರ್ಯುದ್ಧಗಳ ಬೇಗೆಗೆ ಸಿಕ್ಕಿ ಮನೆ ಬಿಟ್ಟ ಎಲ್ ಸಾಲ್ವಡಾರ್, ಗ್ವಾಟೆಮಾಲ ದೇಶಗಳವರುಂಟು. ಇವರೆಲ್ಲರ ಸ್ಥಿತಿ ಒಂದೇ ಅಲ್ಲ. ಒಂದೇ ಅಲ್ಲದಿರುವುದರಿಂದಲೇ ನಮ್ಮ ಪ್ರಶ್ನೆಗೆ ಉತ್ತರ ದೊರೆಯುವ ಸಂಭವವಿದೆ.

ಈ ಕೇರಿಗಳ ಬಡತನದ ವಿಷಯದಲ್ಲಿ ಆ ದೇಶದಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರುವ ಒಂದು ಅಭಿಪ್ರಾಯವೇನೆಂದರೆ, ಅದಕ್ಕೆ ಅಲ್ಲಿಯ ಜನರೇ ಕಾರಣರು ಎಂಬುದು. ಅವರು ಬೇರೆಯವರೊಡನೆ ಬೆರೆಯದೆ ತಮ್ಮವರೊಡನೆಯೇ ಗುಂಪುಗಟ್ಟಿ ವಾಸಿಸುತ್ತಾರೆ. ತಮ್ಮ ಭಾಷೆಯನ್ನು ಬಿಡುವುದಿಲ್ಲ. ಅವರ ನಡೆನುಡಿಗಳೇ ಅವರನ್ನು ಹಿಂದೆ ಎಳೆಯುತ್ತವೆ ಎಂದು ಹೇಳುವವರು ಇಂದಿಗೂ ಕಡಮೆಯಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂಬ ಗಾದೆಯನ್ನೇ ವಿದ್ವತ್ತಿನ ಉಡುಪು ತೊಡಿಸಿ ಹೇಳಿದಂತಾಯಿತು. 1966ರಲ್ಲಿ ಮಾನವಶಾಸ್ತ್ರಜ್ಞ ಆಸ್ಕರ್ ಲೂಯಿಸರು ಪ್ಯೂರ್ಟೋರಿಕೋದ ಮತ್ತು ನ್ಯೂಯಾರ್ಕಿನ ಒಂದು ಕುಟುಂಬವರ್ಗದ ಜೀವನವನ್ನು ವಿವರಿಸಿ ಬರೆದ 'ಲಾ ವೀಡಾ' ಗ್ರಂಥವು ಈ ವಾದಕ್ಕೆ ಒಳ್ಳೆಯ ಆಧಾರವಾಗಿ ಒದಗಿತು. ಬಡತನಕ್ಕೆ ಒಂದು ಸಂಸ್ಕೃತಿಯುಂಟು, ಅದು ತಂದೆತಾಯಿಗಳಿಂದ ಮಕ್ಕಳಿಗೆ ಹರಿದುಬರುತ್ತದೆ ಎಂದು ಲೂಯಿಸರು ಹೇಳಿದ್ದು ನಿಜ. ಆದರೆ ಸಮಾಜವು ತನ್ನನ್ನು ಅಂಚಿಗೆ ತಳ್ಳಿದಾಗ ಬಡವನು ಬದುಕಿಕೊಳ್ಳುವುದಕ್ಕಾಗಿ ರೂಢಿಸಿಕೊಳ್ಳುವ ರೀತಿಯೇ ಅದು ಎಂದೂ ಅವರು ಹೇಳಿದ್ದರು. ರಾಜಕಾರಣಿಗಳು ಮೊದಲ ಅರ್ಧವನ್ನು ಹಿಡಿದುಕೊಂಡು ಎರಡನೆಯ ಅರ್ಧವನ್ನು ಬಿಟ್ಟುಬಿಟ್ಟರು.

ಈ ವಾದವು ನಿಲ್ಲತಕ್ಕದ್ದಲ್ಲವೆಂಬುದಕ್ಕೆ ದೂರ ಹೋಗಬೇಕಾಗಿಲ್ಲ. ನಡೆನುಡಿಗಳು ಕೆಟ್ಟವಾಗಿದ್ದರೆ ಅದರ ಫಲವು ಮೊದಲು ಶರೀರದ ಮೇಲೆ ಕಾಣಬೇಕಷ್ಟೆ. ಆದರೆ 2019ರಲ್ಲಿ ಅಮೇರಿಕದ ಹಿಸ್ಪಾನಿಕ್ ಜನರ ಸರಾಸರಿ ಆಯುಸ್ಸಿನ ನಿರೀಕ್ಷೆಯು 81.9 ವರ್ಷವಾಗಿದ್ದು, ಅವರಿಗಿಂತ ಹೆಚ್ಚು ಸ್ಥಿತಿವಂತರಾದ ಬಿಳಿಯರದು 78.8 ವರ್ಷವಾಗಿತ್ತು. ಕಡಮೆ ಆದಾಯದ ಜನರು ಹೆಚ್ಚು ಕಾಲ ಬದುಕುವ ಈ ಸಂಗತಿಯನ್ನು ವೈದ್ಯರು ಹಿಸ್ಪಾನಿಕ್ ವಿರೋಧಾಭಾಸವೆಂದೇ ಕರೆಯುತ್ತ ಬಂದಿದ್ದಾರೆ. ಆರೋಗ್ಯವಂತರೇ ವಲಸೆ ಹೊರಡುವುದು ಅದಕ್ಕೆ ಒಂದು ಕಾರಣವೆನ್ನುತ್ತಾರೆ. ಧೂಮಪಾನದ ಮಿತಿ, ಬಂಧುಬಳಗದ ಆಸರೆ ಇನ್ನೆರಡು ಕಾರಣಗಳೆನ್ನುತ್ತಾರೆ. ಕಾರಣವೇನೇ ಇರಲಿ, ಯಾವ ಕುಟುಂಬಜೀವನವನ್ನು ಬಡತನದ ಮೂಲವೆಂದು ದೂರುತ್ತಾರೋ ಅದೇ ಕುಟುಂಬಜೀವನವು ಬಡತನದ ಪೆಟ್ಟನ್ನು ತಡೆದುಕೊಳ್ಳುವ ಗುರಾಣಿಯಾಗಿದೆ ಎಂಬ ಸಂಶಯ ಯಾರಿಗಾದರೂ ಬರಲೇಬೇಕು.

ಹೊಸ ದೇಶಕ್ಕೆ ಬಂದವನು ತನ್ನವರಿರುವ ಕೇರಿಗೆ ಹೋಗುವುದು ಸಹಜ. ಅಲ್ಲಿ ಮಲಗುವುದಕ್ಕೆ ಜಾಗ ಸಿಕ್ಕುತ್ತದೆ. ಎಲ್ಲಿ ಕೆಲಸವಿದೆಯೆಂಬ ಸುದ್ದಿ ಸಿಕ್ಕುತ್ತದೆ. ಅಂಗಡಿಯವನು ಉದ್ದರಿ ಕೊಡುತ್ತಾನೆ. ಪಾದ್ರಿಯು ತಿಳಿಯುವ ಭಾಷೆಯಲ್ಲಿ ಮಾತನಾಡುತ್ತಾನೆ. ಹೀಗೆ ಕೂಡಿ ವಾಸಿಸುವುದರಿಂದಲೇ ಬಡತನ ಬರುವುದಾದರೆ ಮಯಾಮಿ ನಗರದ ಕ್ಯೂಬನರು ಎಲ್ಲರಿಗಿಂತಲೂ ಬಡವರಾಗಬೇಕಾಗಿತ್ತು. ಅವರಷ್ಟು ಒತ್ತಾಗಿ ಒಂದೇ ಕಡೆ ಸೇರಿದವರು ಬೇರೆ ಯಾರೂ ಇಲ್ಲ. ಆದರೂ ಅವರ ಕೇರಿಯು ಅವರಿಗೆ ಏಣಿಯಾಯಿತು. ಮೊದಲು ಬಂದವರಲ್ಲಿ ವಿದ್ಯಾವಂತರೂ ವ್ಯಾಪಾರಿಗಳೂ ಹೆಚ್ಚಾಗಿದ್ದರೆಂಬುದು ಒಂದು ಕಾರಣ. ಅದಕ್ಕಿಂತ ಕಡಮೆಯಲ್ಲದ ಇನ್ನೊಂದು ಕಾರಣವೆಂದರೆ ಸರಕಾರವು ಅವರನ್ನು ಎದುರ್ಗೊಂಡ ರೀತಿ. 1961ರಲ್ಲಿ ಅವರಿಗಾಗಿ ಒಂದು ವಿಶೇಷ ನಿರಾಶ್ರಿತ ಸಹಾಯದ ಏರ್ಪಾಡಾಯಿತು. 1966ರ ಕಾನೂನು ಅವರಿಗೆ ಶಾಶ್ವತ ನಿವಾಸದ ಹಕ್ಕನ್ನು ಸುಲಭಮಾಡಿಕೊಟ್ಟಿತು. ಅದೇ ಭಾಷೆ, ಅದೇ ಮತ, ಅದೇ ರೀತಿ ಗುಂಪಾಗಿ ವಾಸ. ಕಾನೂನು ಮಾತ್ರ ಬೇರೆ. ಫಲವೂ ಬೇರೆಯಾಯಿತು. ತನ್ನವರೊಡನೆ ಇರುವುದು ಒಂದು, ಅಲ್ಲಿಯೇ ಕೂಡಿಹಾಕಲ್ಪಡುವುದು ಇನ್ನೊಂದು. ಈ ಎರಡಕ್ಕಿರುವ ಭೇದವನ್ನು ಮರೆತವರೇ ಬಡವನ ಕೇರಿಯನ್ನು ಬಡತನದ ಮೂಲವೆಂದು ಭ್ರಮಿಸುತ್ತಾರೆ.

ಕೂಡಿಹಾಕುವ ಕೆಲಸವು ಹೇಗೆ ನಡೆಯಿತೆಂಬುದಕ್ಕೆ ದಾಖಲೆಗಳ ಅಭಾವವಿಲ್ಲ. 1930ರ ದಶಕದಲ್ಲಿ ಕೇಂದ್ರ ಸರಕಾರದ ಗೃಹಸಾಲ ಸಂಸ್ಥೆಯು ನಗರಗಳ ನಕ್ಷೆಗಳನ್ನು ಬರೆಸಿ, ಸಾಲ ಕೊಡುವುದು ಅಪಾಯವೆಂದು ಎಣಿಸಿದ ಕೇರಿಗಳಿಗೆ ಕೆಂಪು ಬಣ್ಣ ಹಚ್ಚಿಸಿತು. ಕಪ್ಪು ಜನರ ಕೇರಿಗಳೂ ಮೆಕ್ಸಿಕನರ ಕೇರಿಗಳೂ ಆ ಬಣ್ಣದೊಳಗೆ ಬಿದ್ದವು. ಅದೇ ಕಾಲದಲ್ಲಿ ಅನೇಕ ಬಡಾವಣೆಗಳ ಕ್ರಯಪತ್ರಗಳಲ್ಲಿ, ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರಕೂಡದೆಂಬ ಷರತ್ತು ಸೇರಿರುತ್ತಿತ್ತು. ನ್ಯಾಯಾಲಯಗಳು ಅದನ್ನು ಜಾರಿಮಾಡಕೂಡದೆಂದು ಸರ್ವೋಚ್ಚ ನ್ಯಾಯಾಲಯವು ಹೇಳಿದ್ದು 1948ರಲ್ಲಿ. ಮನೆಯ ಮಾರಾಟದಲ್ಲಿಯೂ ಬಾಡಿಗೆಯಲ್ಲಿಯೂ ಜನಾಂಗಭೇದ ಮಾಡಕೂಡದೆಂಬ ಕಾನೂನು ಬಂದದ್ದು 1968ರಲ್ಲಿ. ಅಷ್ಟರೊಳಗೆ ಮನೆಯೆಂಬ ಆಸ್ತಿಯಿಂದ ಬಿಳಿಯರ ಒಂದು ತಲೆಮಾರು ಮೇಲೇರಿಯಾಗಿತ್ತು. ಮುಂದೆ ಸಾಲವು ದೊರೆಯಿತು, ಆದರೆ ಅನೇಕರಿಗೆ ಹೆಚ್ಚು ಬಡ್ಡಿಯ, ಕಠಿಣ ಷರತ್ತಿನ ಸಾಲವಾಗಿ ದೊರೆಯಿತು. ಆ ಸಾಲಗಳು 2007ರಿಂದ ಮುಂದೆ ಕುಸಿದು ಬಿದ್ದಾಗ ಆದ ನಷ್ಟವನ್ನು ನೋಡಿರಿ: ಪ್ಯೂ ಸಂಶೋಧನಾ ಸಂಸ್ಥೆಯ ಲೆಕ್ಕದಂತೆ 2005 ಮತ್ತು 2009ರ ನಡುವೆ ಬಿಳಿಯ ಕುಟುಂಬಗಳ ಮಧ್ಯಮ ಸಂಪತ್ತು ಶೇಕಡಾ 16 ಇಳಿಯಿತು, ಹಿಸ್ಪಾನಿಕ್ ಕುಟುಂಬಗಳದು ಶೇಕಡಾ 66 ಇಳಿಯಿತು.

ಕಾನೂನು ಬರೆದ ಗೆರೆಯು ಯಾರ ನೆರೆಯಲ್ಲಿ ಯಾರು ವಾಸಿಸಬೇಕೆಂಬುದನ್ನು ಹೇಗೆ ನಿರ್ಣಯಿಸುತ್ತದೆ ಎಂಬುದಕ್ಕೆ ನಮ್ಮ ದೇಶದವರ ಅನುಭವವೂ ಸಾಕ್ಷಿಯಾಗಿದೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕ್ಯಾಲಿಫೋರ್ನಿಯದ ಇಂಪೀರಿಯಲ್ ಕಣಿವೆಗೆ ಬೇಸಾಯಕ್ಕಾಗಿ ಹೋದ ಪಂಜಾಬಿಗಳಿಗೆ ಬಿಳಿಯ ಹೆಂಗಸರನ್ನು ಮದುವೆಯಾಗುವುದು ಕಾನೂನಿನಿಂದ ಸಾಧ್ಯವಿರಲಿಲ್ಲ. 1913ರ ಕಾನೂನಿನಿಂದ ಪೌರತ್ವಕ್ಕೆ ಅನರ್ಹರಾದ ಪರದೇಶಿಗಳು ಜಮೀನನ್ನು ಕೊಳ್ಳುವಂತಿರಲಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂದ್ ಎಂಬವರ ಮೊಕದ್ದಮೆಯಲ್ಲಿ ಹಿಂದೂಸ್ಥಾನದವರು ಪೌರತ್ವಕ್ಕೆ ಅನರ್ಹರೆಂದೇ ತೀರ್ಪಾಯಿತು. ಆ ಪಂಜಾಬಿಗಳಲ್ಲಿ ನೂರಾರು ಜನರು ಮೆಕ್ಸಿಕನ್ ಸ್ತ್ರೀಯರನ್ನು ಮದುವೆಯಾಗಿ ಅಲ್ಲಿಯೇ ಸಂಸಾರ ಹೂಡಿದರು. ಸಿಖ್ಖ ತಂದೆ, ಕ್ಯಾಥೊಲಿಕ್ ತಾಯಿ, ಸ್ಪಾನಿಷ್ ಮಾತಾಡುವ ಮಕ್ಕಳು. ಇದರಲ್ಲಿ ಪ್ರೀತಿಯಿರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಅವರಿಬ್ಬರನ್ನೂ ಊರಿನ ಒಂದೇ ಬದಿಯಲ್ಲಿ ಇರಿಸಿದ್ದು ಪರರ ಕಾನೂನು.

ಒಂದು ಸಾಮಾನ್ಯ ಲೆಕ್ಕವನ್ನು ವಾಚಕರು ಗಮನಿಸಬೇಕು. ಹತ್ತು ಕೇರಿಗಳ ಒಂದು ಊರಿನಲ್ಲಿ ನೂರು ಬಡ ಕುಟುಂಬಗಳಿವೆಯೆಂದಿಟ್ಟುಕೊಳ್ಳೋಣ. ಅವು ಚದುರಿದ್ದರೆ ಕೇರಿಗೆ ಹತ್ತರಂತೆ ಬರುತ್ತವೆ. ಆ ಹತ್ತರ ಭಾರವನ್ನು ಯಾವ ಕೇರಿಯಾದರೂ ಹೊರಬಲ್ಲುದು. ನೂರನ್ನೂ ಒಂದೇ ಕೇರಿಯಲ್ಲಿ ತುಂಬಿದರೆ ಊರಿನ ಬಡವರ ಸಂಖ್ಯೆ ಒಂದೂ ಹೆಚ್ಚಲಿಲ್ಲ. ಆದರೆ ಆ ಕೇರಿಯ ಅಂಗಡಿ ಮುಚ್ಚುತ್ತದೆ, ವೈದ್ಯನು ಹೊರಟುಹೋಗುತ್ತಾನೆ, ಶಾಲೆ ಸೊರಗುತ್ತದೆ. ಮುಂದೆ ಹಣದ ಮುಗ್ಗಟ್ಟು ಬಂದಾಗ ಇಡೀ ಊರಿನ ಪೆಟ್ಟು ಆ ಒಂದು ಕೇರಿಯ ಬೆನ್ನಿನ ಮೇಲೆಯೇ ಬೀಳುತ್ತದೆ. ಡಗ್ಲಸ್ ಮ್ಯಾಸೀ ಮತ್ತು ನ್ಯಾನ್ಸಿ ಡೆಂಟನ್ ಎಂಬ ಸಮಾಜಶಾಸ್ತ್ರಜ್ಞರು 1993ರಲ್ಲಿ ಪ್ರಕಟಿಸಿದ ಗ್ರಂಥದ ಮುಖ್ಯ ವಾದವು ಇದೇ. ಆಫ್ರಿಕದ ರಕ್ತಸಂಬಂಧವು ಮೈಬಣ್ಣದಲ್ಲಿ ಕಾಣುವ ಪ್ಯೂರ್ಟೋರಿಕನರು ಇತರ ಹಿಸ್ಪಾನಿಕ್ ಜನರಿಗಿಂತ ಹೆಚ್ಚು ಪ್ರತ್ಯೇಕಿಸಲ್ಪಟ್ಟಿದ್ದರೆಂದೂ ಅವರು ತೋರಿಸಿದರು. ಒಂದೇ ಭಾಷೆಯವರಲ್ಲಿ ಬಣ್ಣಕ್ಕೆ ತಕ್ಕಂತೆ ಕೇರಿಯು ಬದಲಾಗುವುದಾದರೆ, ದೋಷವನ್ನು ಭಾಷೆಯ ಮೇಲೆ ಹೊರಿಸುವುದು ಹೇಗೆ?

ಈ ಸಂಗತಿಗಳನ್ನೆಲ್ಲ ಒಂದೇ ಊರಿನಲ್ಲಿ ಕಾಣಬೇಕೆನ್ನುವವರು ಟೆಕ್ಸಾಸ್ ಸಂಸ್ಥಾನದ ಸಾನ್ ಆಂಟೋನಿಯೋ ನಗರವನ್ನು ನೋಡಬೇಕು. ಅದರ ಪಡುವಣ ಭಾಗವು ಮೆಕ್ಸಿಕನರ ಕೇರಿ. 1921ರ ಸೆಪ್ಟೆಂಬರಿನಲ್ಲಿ ಮಹಾಪ್ರವಾಹ ಬಂದು ಐವತ್ತಕ್ಕೆ ಕಡಮೆಯಿಲ್ಲದಷ್ಟು ಜನ ಸತ್ತರು. ಅವರಲ್ಲಿ ಹೆಚ್ಚಿನವರು ಈ ಕೇರಿಯ ಹಳ್ಳಗಳ ದಡದಲ್ಲಿದ್ದ ಬಡವರು. ತರುವಾಯ ನಗರದ ಆಡಳಿತವು ಓಲ್ಮೋಸ್ ಅಣೆಕಟ್ಟನ್ನು ಕಟ್ಟಿಸಿತು. ಆ ಅಣೆಯು ತಡೆದದ್ದು ಪೇಟೆಯ ನಡುವೆ ಹರಿಯುವ ನದಿಯ ನೀರನ್ನು; ಜನರನ್ನು ಕೊಂದ ಪಡುವಣ ಹಳ್ಳಗಳು ಹಾಗೆಯೇ ಉಳಿದವು. ವ್ಯಾಪಾರಕ್ಕೆ ರಕ್ಷಣೆ ದೊರೆಯಿತು, ಪ್ರಾಣಕ್ಕೆ ದೊರೆಯಲಿಲ್ಲ.

ಆ ಕೇರಿಯ ಹೆಂಗಸರು ಪೀಕಾನ್ ಎಂಬ ಕಾಯಿಯ ಚಿಪ್ಪು ಬಿಡಿಸಿ ಹೊಟ್ಟೆ ಹೊರೆಯುತ್ತಿದ್ದರು. ಒಂದು ಪೌಂಡಿಗೆ ಆರೇಳು ಸೆಂಟು ಮಾತ್ರವಿದ್ದ ಕೂಲಿಯನ್ನೂ 1938ರ ಜನವರಿಯಲ್ಲಿ ಇಳಿಸಿದಾಗ, ಹತ್ತು ಸಾವಿರಕ್ಕೂ ಮೇಲ್ಪಟ್ಟ ಕೆಲಸಗಾರರು ಮುಷ್ಕರ ಹೂಡಿದರು. ಮುಂದಾಳಾಗಿ ನಿಂತವಳು ಇಪ್ಪತ್ತೊಂದು ವಯಸ್ಸಿನ ಎಮ್ಮಾ ಟೆನಯೂಕಾ. ಅದೇ ವರ್ಷದ ಕೊನೆಯಲ್ಲಿ ಕನಿಷ್ಠ ಕೂಲಿಯ ಕಾನೂನು ಜಾರಿಗೆ ಬಂದು ಗಂಟೆಗೆ 25 ಸೆಂಟು ಕೊಡಬೇಕೆಂದಾದಾಗ ಮಾಲೀಕರು ಯಂತ್ರಗಳನ್ನು ತಂದು ಸಾವಿರಾರು ಜನರನ್ನು ಮನೆಗೆ ಕಳುಹಿಸಿದರು. ಆ ಕೇರಿಯ ಕೊಳೆಗೇರಿಗಳಲ್ಲಿ ಕ್ಷಯರೋಗದ ಹಾವಳಿಯನ್ನು ಕಂಡ ಪಾದ್ರಿ ಕಾರ್ಮೆಲೋ ಟ್ರಾಂಕೇಸೆಯವರು ಹೋರಾಡಿದ್ದರ ಫಲವಾಗಿ ಸರಕಾರವು ಅಲಾಸಾನ್ ವಸತಿಗಳನ್ನು ಕಟ್ಟಿಸಿತು. ಹೊಸ ಮನೆಗಳು ಬಂದವು. ಆದರೆ ಅವು ಅದೇ ಕೇರಿಯೊಳಗೆ, ಮೆಕ್ಸಿಕನರಿಗೆಂದೇ ಪ್ರತ್ಯೇಕವಾಗಿ ಬಂದವು.

ಇನ್ನು ಶಾಲೆಗಳ ವಿಷಯ. ನಮ್ಮ ಮತದಲ್ಲಿ ಇಡೀ ಸಮಸ್ಯೆಯ ಗಂಟು ಇಲ್ಲಿದೆ. ಆ ದೇಶದಲ್ಲಿ ಶಾಲೆಗಳ ವೆಚ್ಚದ ದೊಡ್ಡದೊಂದು ಪಾಲು ಆಯಾ ಸ್ಥಳದ ಸ್ಥಿರಾಸ್ತಿಯ ತೆರಿಗೆಯಿಂದ ಬರುತ್ತದೆ. ಸಾನ್ ಆಂಟೋನಿಯೋದ ಪಡುವಣದಲ್ಲಿ ಎಡ್ಜ್‌ವುಡ್ ಎಂಬ ಶಾಲಾ ಜಿಲ್ಲೆಯಿದೆ. 1967-68ರ ಸುಮಾರಿಗೆ ಅದರ ಮಕ್ಕಳಲ್ಲಿ ಸುಮಾರು ಶೇಕಡಾ 90 ಮೆಕ್ಸಿಕನ್ ವಂಶದವರಾಗಿದ್ದರು. ಅದೇ ಊರಿನ ಶ್ರೀಮಂತರ ಬಡಾವಣೆಗೆ ಅಲಾಮೋ ಹೈಟ್ಸ್ ಎಂಬ ಬೇರೊಂದು ಶಾಲಾ ಜಿಲ್ಲೆ. 1967-68ರ ಲೆಕ್ಕ ಹೀಗಿತ್ತು: ಎಡ್ಜ್‌ವುಡ್ಡಿನಲ್ಲಿ ಒಂದು ಮಗುವಿಗೆ 5,960 ಡಾಲರು ಬೆಲೆಯ ಆಸ್ತಿ, ಅಲಾಮೋ ಹೈಟ್ಸಿನಲ್ಲಿ 49,000 ಡಾಲರಿಗೂ ಹೆಚ್ಚು. ಬಡವರು ನೂರು ಡಾಲರು ಆಸ್ತಿಗೆ 1 ಡಾಲರು 5 ಸೆಂಟಿನಂತೆ ತೆರಿಗೆ ಹಾಕಿಕೊಂಡರು. ಆ ಪ್ರಾಂತದಲ್ಲೆಲ್ಲ ಅದೇ ಹೆಚ್ಚಿನ ದರ. ಅವರಿಗೆ ದೊರೆತದ್ದು ಮಗುವಿಗೆ 26 ಡಾಲರು. ಶ್ರೀಮಂತರು 85 ಸೆಂಟಿನ ತೆರಿಗೆಯಿಂದಲೇ ಮಗುವಿಗೆ 333 ಡಾಲರು ಕೂಡಿಸಿದರು. ಸಂಸ್ಥಾನದ ಮತ್ತು ಕೇಂದ್ರದ ಸಹಾಯವನ್ನೆಲ್ಲ ಸೇರಿಸಿದ ಮೇಲೂ ಒಂದು ಕಡೆ 356 ಡಾಲರು, ಇನ್ನೊಂದು ಕಡೆ 594 ಡಾಲರು. ಹೆಚ್ಚು ತೆತ್ತವನಿಗೆ ಕಡಮೆ, ಕಡಮೆ ತೆತ್ತವನಿಗೆ ಹೆಚ್ಚು. ಮಕ್ಕಳನ್ನು ಓದಿಸುವ ಆಸೆ ಈ ಜನರಿಗಿಲ್ಲವೆಂದು ಹೇಳುವವರು ಈ ತೆರಿಗೆಯ ದರವನ್ನು ಒಮ್ಮೆ ನೋಡಲಿ.

1968ರ ಮೇ ತಿಂಗಳಲ್ಲಿ ಎಡ್ಜ್‌ವುಡ್ ಪ್ರೌಢಶಾಲೆಯ ವಿದ್ಯಾರ್ಥಿಗಳು ತರಗತಿಗಳನ್ನು ಬಿಟ್ಟು ಹೊರನಡೆದರು. ಡಿಮೆಟ್ರಿಯೋ ರಾಡ್ರಿಗೆಸ್ ಮೊದಲಾದ ಪೋಷಕರು ನ್ಯಾಯಾಲಯಕ್ಕೆ ಹೋದರು. ಕೆಳಗಿನ ನ್ಯಾಯಾಲಯದಲ್ಲಿ ಗೆದ್ದರು. ಆದರೆ 1973ರ ಮಾರ್ಚಿಯಲ್ಲಿ ಸರ್ವೋಚ್ಚ ನ್ಯಾಯಾಲಯವು, ವಿದ್ಯಾಭ್ಯಾಸವು ಕೇಂದ್ರ ರಾಜ್ಯಾಂಗವು ಸ್ಪಷ್ಟವಾಗಿ ಕಾಪಾಡುವ ಮೂಲಭೂತ ಹಕ್ಕಲ್ಲವೆಂದು ಹೇಳಿ, ನಾಲ್ವರ ಭಿನ್ನಮತದ ಎದುರಿಗೆ ಐವರ ಬಹುಮತದಿಂದ ಅವರ ವಿರುದ್ಧ ತೀರ್ಪುಕೊಟ್ಟಿತು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲರು ದೀರ್ಘವಾದ ಭಿನ್ನಮತವನ್ನು ಬರೆದರು. ಒಂದೇ ಒಂದು ಮತದ ಅಂತರದಿಂದ ಒಂದು ದೇಶದ ಲಕ್ಷಾಂತರ ಮಕ್ಕಳ ಭಾಗ್ಯವು ಅವರ ಕೇರಿಯ ಗೋಡೆಗಳ ಬೆಲೆಗೆ ಕಟ್ಟುಬಿದ್ದಿತು. ಅದೇ ಎಡ್ಜ್‌ವುಡ್ಡಿನವರು ಸಂಸ್ಥಾನದ ನ್ಯಾಯಾಲಯಕ್ಕೆ ಹೋಗಿ, 1989ರಲ್ಲಿ ಟೆಕ್ಸಾಸಿನ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳಿಂದಲೂ ಏಕಾಭಿಪ್ರಾಯದ ಜಯವನ್ನು ಪಡೆದರು. ಆಗ್ಗೆ ಆ ಸಂಸ್ಥಾನದ ಅತ್ಯಂತ ಶ್ರೀಮಂತ ಶಾಲಾ ಜಿಲ್ಲೆಗೂ ಅತ್ಯಂತ ಬಡ ಜಿಲ್ಲೆಗೂ ಮಗುವೊಂದಕ್ಕೆ ಬರುವ ಆಸ್ತಿಯಲ್ಲಿ ಏಳುನೂರಕ್ಕೆ ಒಂದರ ಅಂತರವಿತ್ತು. 1993ರ ಕಾನೂನು ಶ್ರೀಮಂತ ಜಿಲ್ಲೆಗಳ ಆದಾಯದ ಒಂದು ಪಾಲನ್ನು ಬಡ ಜಿಲ್ಲೆಗಳಿಗೆ ಹಂಚಿತು. ಮೊಕದ್ದಮೆ ಹೂಡಿದಾಗ ಮೊದಲ ತರಗತಿಯಲ್ಲಿದ್ದ ಮಗುವು ಅಷ್ಟರೊಳಗೆ ಮೂವತ್ತು ದಾಟಿತ್ತು.

ಚರಂಡಿಯ ಕಥೆಯೂ ಇಂಥದೇ. 1974ರಲ್ಲಿ ಎರ್ನೆಸ್ಟೋ ಕೋರ್ಟೆಸರ ಸಂಘಟನೆಯಿಂದ ಈ ಭಾಗದ ಇಗರ್ಜಿಗಳ ಸಾಮಾನ್ಯ ಗೃಹಸ್ಥರು ಸೇರಿ 'ಕಾಪ್ಸ್' ಎಂಬ ಸಂಘವನ್ನು ಕಟ್ಟಿಕೊಂಡರು. ಮಳೆ ಬಂದರೆ ಮನೆಗೆ ನೀರು ನುಗ್ಗುವುದೇಕೆಂದು ಅವರು ಪುರಸಭೆಯ ಕಾಗದಗಳನ್ನು ತೆಗೆಸಿ ನೋಡಿದಾಗ, ದಶಕಗಳ ಹಿಂದೆಯೇ ಯೋಜನೆಯಲ್ಲಿ ನಮೂದಾಗಿದ್ದ ಚರಂಡಿಗಳು ಕಟ್ಟಲ್ಪಡದೆ ಉಳಿದಿರುವುದು ಗೊತ್ತಾಯಿತು. ಅವರು ದಯೆಯನ್ನು ಬೇಡಲಿಲ್ಲ, ಲೆಕ್ಕವನ್ನು ಕೇಳಿದರು. ಕಾಮಗಾರಿಗೆ ಹಣ ದೊರೆಯಿತು. 1977ರಲ್ಲಿ ಇಡೀ ಊರು ಒಟ್ಟಾಗಿ ಸದಸ್ಯರನ್ನಾರಿಸುವ ಪದ್ಧತಿ ಹೋಗಿ ವಾರ್ಡುಗಳಿಂದ ಆರಿಸುವ ಪದ್ಧತಿ ಬಂದಿತು. 1981ರಲ್ಲಿ ಆ ಪಡುವಣ ಕೇರಿಯ ಮಗನಾದ ಹೆನ್ರಿ ಸಿಸ್ನೆರೋಸರು ನಗರದ ಮೇಯರಾದರು. ಕೇರಿಯ ಜನರು ಅವರೇ, ಭಾಷೆ ಅದೇ, ದೇವರು ಅದೇ. ಬದಲಾದದ್ದು ಅವರ ಮತದ ಬೆಲೆ. ಬಡತನವು ಅಲ್ಲಿಗೆ ತೀರಿಹೋಯಿತೆಂದು ನಾವು ಹೇಳುವುದಿಲ್ಲ. ಸಾನ್ ಆಂಟೋನಿಯೋದ ಪಡುವಣವು ಈಗಲೂ ಆ ಊರಿನ ಬಡ ಭಾಗವೇ ಆಗಿದೆ. ಆದರೆ ಚರಂಡಿಯು ಸ್ವಭಾವಕ್ಕಲ್ಲ, ಪುರಸಭೆಗೆ ಸೇರಿದ್ದೆಂಬುದು ಅಲ್ಲಿ ರುಜುವಾತಾಯಿತು.

ಗಡಿಯ ಕಡೆಗೆ ಹೋದರೆ ಇನ್ನೊಂದು ರೀತಿಯ ನೆಲೆಗಳಿವೆ. ಅವಕ್ಕೆ ಕೊಲೋನಿಯಗಳೆಂದು ಹೆಸರು. ಟೆಕ್ಸಾಸಿನಲ್ಲಿಯೇ ಎರಡು ಸಾವಿರಕ್ಕೂ ಹೆಚ್ಚು ಇಂಥ ನೆಲೆಗಳಲ್ಲಿ ಸುಮಾರು ಐದು ಲಕ್ಷ ಜನರಿದ್ದಾರೆಂದು ಅಂದಾಜು. ಊರಿನ ಎಲ್ಲೆಯ ಹೊರಗೆ, ಕಟ್ಟಡದ ನಿಬಂಧನೆಗಳು ಮುಟ್ಟದ ಬಯಲನ್ನು ದಲ್ಲಾಳಿಗಳು ತುಂಡುಮಾಡಿ ಕಂತಿನ ಮೇಲೆ ಮಾರಿದರು. ನಲ್ಲಿಯಿಲ್ಲ, ಮೋರಿಯಿಲ್ಲ, ದಾರಿಯಿಲ್ಲ. ಕೊನೆಯ ಕಂತು ತೀರುವ ತನಕ ಹಕ್ಕುಪತ್ರವು ಕೊಂಡವನ ಕೈಗೆ ಬಾರದು. ನಡುವೆ ಕಂತು ತಪ್ಪಿದರೆ ಕೊಟ್ಟ ಹಣವೂ ಕಟ್ಟಿದ ಮನೆಯೂ ಮಾರಿದವನ ಪಾಲು. ಸಂಸ್ಥಾನವು 1989ರಲ್ಲಿ ನೀರಿಗೂ ಮೋರಿಗೂ ಹಣವನ್ನಿಟ್ಟು, 1995ರಲ್ಲಿ ಈ ಬಗೆಯ ಕರಾರುಗಳನ್ನು ಕಾನೂನಿನ ಹತೋಟಿಗೆ ತಂದಿತು. ಇವರು ಸೋಮಾರಿಗಳಾಗಿದ್ದರೆ ಈ ನೆಲೆಗಳು ಇರುತ್ತಲೇ ಇರಲಿಲ್ಲ. ದಿನದ ದುಡಿಮೆ ಮುಗಿಸಿ ಬಂದು ಕೋಣೆಯ ಮೇಲೆ ಕೋಣೆಯಾಗಿ ತಮ್ಮ ಕೈಯಿಂದಲೇ ಮನೆ ಕಟ್ಟಿಕೊಂಡವರು ಅವರು.

ಹಾಗಾದರೆ ಇವರು ಚದುರಿ ಹೋದರೆ ಸಾಲದೆ, ಎಂದು ಕೇಳುವವರುಂಟು. 1990ರಿಂದ ಈಚೆಗೆ ಅವರು ಚದುರಿಯೂ ಇದ್ದಾರೆ. ಗಡಿಯಿಂದ ದೂರದ ಸಣ್ಣ ಊರುಗಳಿಗೆ, ಜಾರ್ಜಿಯ ಸಂಸ್ಥಾನದ ಡಾಲ್ಟನ್ನಿನ ರತ್ನಗಂಬಳಿಯ ಗಿರಣಿಗಳಿಗೆ, ಕಾನ್ಸಾಸ್, ಅಯೋವ, ನೆಬ್ರಾಸ್ಕ ಸಂಸ್ಥಾನಗಳ ಮಾಂಸದ ಕಾರ್ಖಾನೆಗಳಿಗೆ ಹೋಗಿ ನೆಲಸಿದ್ದಾರೆ. ನೆಬ್ರಾಸ್ಕದ ಲೆಕ್ಸಿಂಗ್ಟನ್ ಊರಿನಲ್ಲಿ 1990ರಲ್ಲಿ ಅಂಥದೊಂದು ಕಾರ್ಖಾನೆ ತೆರೆಯಿತು. ಹತ್ತು ಸಾವಿರದಷ್ಟು ಜನರಿರುವ ಆ ಊರಿನಲ್ಲಿ ಇಂದು ಹಿಸ್ಪಾನಿಕ್ ಜನರದೇ ಬಹುಮತ. ಕೆಲಸ ಕಠಿಣವಾದರೂ ಸಂಬಳವಿತ್ತು. ಸ್ವಂತ ಮನೆಗಳಾದವು, ಅಂಗಡಿಗಳಾದವು, ಶಾಲೆಗಳು ತುಂಬಿದವು. 2025ರ ನವೆಂಬರಿನಲ್ಲಿ ಕಾರ್ಖಾನೆಯ ಈಗಿನ ಒಡೆಯರಾದ ಟೈಸನ್ ಕಂಪನಿಯವರು 2026ರ ಜನವರಿಯಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸಿದರು. ಕೆಲಸ ಹೋಗುವವರು ಸುಮಾರು 3,200 ಜನ. ಒಂದೇ ಒಡೆಯನನ್ನು ನಂಬಿದ ಊರಿಗೆ ಒಂದು ಕಾಗದದಿಂದ ಏನಾಗುತ್ತದೆಂಬುದನ್ನು ವಿವರಿಸಬೇಕಾಗಿಲ್ಲ. ದೊಡ್ಡ ಕೇರಿಯಿಂದ ಬಿಡುಗಡೆಯಾದ ಮಾತ್ರಕ್ಕೆ ಬಡತನದಿಂದ ಬಿಡುಗಡೆಯಾಗದೆಂಬುದಕ್ಕೆ ಇದು ನಿದರ್ಶನ.

ಪ್ರತಿಪಕ್ಷದ ಮಾತಿನಲ್ಲಿರುವ ಸತ್ಯಾಂಶವನ್ನು ಮರೆಮಾಡುವುದು ನ್ಯಾಯವಲ್ಲ. 1994ರಲ್ಲಿ ಆರಂಭವಾದ ಒಂದು ಪ್ರಯೋಗದಲ್ಲಿ ಅಲ್ಲಿಯ ಸರಕಾರವು ಐದು ನಗರಗಳ ಸುಮಾರು 4,600 ಬಡ ಕುಟುಂಬಗಳನ್ನು ಚೀಟಿಯೆತ್ತಿ ವಿಂಗಡಿಸಿ, ಒಂದು ಪಂಗಡದವರಿಗೆ ಬಡತನ ಕಡಮೆಯಿರುವ ಕೇರಿಗಳಿಗೆ ಹೋಗಲು ಬಾಡಿಗೆಯ ಸಹಾಯ ಕೊಟ್ಟಿತು. ಅವರಲ್ಲಿ ಬಹುಪಾಲು ಕಪ್ಪು ಜನರೂ ಹಿಸ್ಪಾನಿಕ್ ಜನರೂ ಇದ್ದರು. ದೊಡ್ಡವರ ಸಂಪಾದನೆ ಹೆಚ್ಚಲಿಲ್ಲ. ಆದರೆ ಹದಿಮೂರು ವಯಸ್ಸಿನೊಳಗೆ ಸ್ಥಳಾಂತರ ಹೊಂದಿದ ಮಕ್ಕಳು ಇಪ್ಪತ್ತೈದರ ಆಸುಪಾಸಿಗೆ ಬಂದಾಗ ಇತರರಿಗಿಂತ ಶೇಕಡಾ 31 ಹೆಚ್ಚು ಸಂಪಾದಿಸುತ್ತಿದ್ದರೆಂದು ರಾಜ್ ಚೆಟ್ಟಿ ಮತ್ತು ಅವರ ಸಹೋದ್ಯೋಗಿಗಳು 2015ರಲ್ಲಿ ತೋರಿಸಿದರು. ಕೇರಿಯು ಮಗುವಿನ ಭವಿಷ್ಯವನ್ನು ತಿದ್ದುತ್ತದೆಂಬುದು ಇದರಿಂದ ಸ್ಥಿರಪಟ್ಟಿತು. ಆದರೆ ಇದರಿಂದ ಏನು ಸಿದ್ಧಿಸಿತು? ತಾಯಿತಂದೆಗಳು ಅವರೇ, ಮನೆಯ ನಡೆ ಅದೇ. ಶಾಲೆಯೂ ಬೀದಿಯೂ ಬದಲಾದ ಕೂಡಲೆ ಮಗುವು ಮೇಲೇರಿತು. ಸಂಸ್ಕೃತಿಯ ದೋಷವೆಂಬ ವಾದಕ್ಕೆ ಇದಕ್ಕಿಂತ ಬಲವಾದ ಖಂಡನೆ ಬೇಕಿಲ್ಲ. ಆರು ಕೋಟಿ ಜನರನ್ನು ಎತ್ತಿ ಬೇರೆ ಕಡೆಗೆ ಇಡುವುದು ಆಗದ ಮಾತು. ಒಳ್ಳೆಯ ಶಾಲೆಯನ್ನು ಅವರಿರುವಲ್ಲಿಗೆ ತರುವುದು ಆಗುವ ಮಾತು.

ಇಲ್ಲಿ ನಮ್ಮ ಕನ್ನಡಿಗರಿಗೂ ಒಂದು ಮಾತನ್ನು ಹೇಳಬೇಕಾಗಿದೆ. ಅಮೇರಿಕದಲ್ಲಿ ನೆಲಸಿರುವ ನಮ್ಮವರ ಸಂಪತ್ತನ್ನು ಹೊಗಳುವಾಗ, ಅದು ನಮ್ಮ ಸಂಸ್ಕೃತಿಯ ಮಹಿಮೆಯೆಂದು ಹಿಗ್ಗುವುದು ವಾಡಿಕೆಯಾಗಿದೆ. ಚರಿತ್ರೆಯು ಇಷ್ಟು ಸರಳವಾಗಿಲ್ಲ. 1942ರಿಂದ 1964ರ ವರೆಗೆ ಬ್ರಸೇರೋ ಏರ್ಪಾಡಿನಿಂದ ಆ ದೇಶವು ಮೆಕ್ಸಿಕೋದ ಕೂಲಿಗಾರರನ್ನು ತಾನೇ ಕರೆಸಿಕೊಳ್ಳುತ್ತಿತ್ತು. 1956ನೆಯ ಇಸವಿಯೊಂದರಲ್ಲಿಯೇ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಹೀಗೆ ಬಂದರು. ಆ ಏರ್ಪಾಡು ನಿಂತುಹೋಯಿತು. ಮರುವರ್ಷ, 1965ರಲ್ಲಿ, ಬಂದ ಹೊಸ ಕಾನೂನು ಏಷ್ಯದ ವಿದ್ಯಾವಂತರಿಗೆ ಬಾಗಿಲು ತೆರೆಯಿತು. ಬೆಂಗಳೂರಿನ ಇಂಜಿನಿಯರೂ ಮಂಗಳೂರಿನ ವೈದ್ಯನೂ ಒಳಹೊಕ್ಕದ್ದು ಆ ಬಾಗಿಲಿನಿಂದಲೇ. ಅದೇ ಕಾನೂನು ಪಶ್ಚಿಮ ಗೋಲಾರ್ಧದ ದೇಶಗಳಿಗೆ ಮೊದಲ ಬಾರಿಗೆ ಸಂಖ್ಯೆಯ ಮಿತಿಯನ್ನು ಹಾಕಿತು. 1976ರಲ್ಲಿ ಮೆಕ್ಸಿಕೋದ ಪಾಲಿಗೆ ವರ್ಷಕ್ಕೆ ಇಪ್ಪತ್ತು ಸಾವಿರ ಮಾತ್ರ ಉಳಿಯಿತು. ಕೆಲಸ ಮೊದಲಿನಂತೆಯೇ ಇತ್ತು, ಕೆಲಸಗಾರರೂ ಮೊದಲಿನಂತೆಯೇ ಬಂದರು. ಆದರೆ ನಿನ್ನೆ ಕರೆಸಲ್ಪಟ್ಟವನು ಇಂದು ಕಳ್ಳನೆನಿಸಿದನು. ಪದವೀಧರನನ್ನು ಆರಿಸಿ ಕರೆದುಕೊಂಡ ಕಾನೂನೇ ಕೂಲಿಯವನನ್ನು ಕತ್ತಲೆಗೆ ನೂಕಿದ್ದರಿಂದ, ಇಬ್ಬರನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ತರವಲ್ಲ.

ಆ ಕತ್ತಲೆಯ ಪರಿಣಾಮವು ಈಗ ಹೆಚ್ಚು ಸ್ಪಷ್ಟವಾಗಿ ಕಾಣುತ್ತಿದೆ. 2025ರ ಜೂನ್ ತಿಂಗಳಲ್ಲಿ ಲಾಸ್ ಏಂಜಲಿಸ್ ನಗರದಲ್ಲಿ ವಲಸೆಯ ಅಧಿಕಾರಿಗಳು ಕೆಲಸದ ಸ್ಥಳಗಳ ಮೇಲೆ ದಾಳಿ ನಡೆಸಿದರು; ಜನರು ಪ್ರತಿಭಟಿಸಿದಾಗ ಅಧ್ಯಕ್ಷ ಟ್ರಂಪರು ಸಂಸ್ಥಾನದ ಗವರ್ನರರ ಇಷ್ಟಕ್ಕೆ ವಿರುದ್ಧವಾಗಿ ರಾಷ್ಟ್ರೀಯ ರಕ್ಷಣಾ ಪಡೆಯನ್ನು ಕಳುಹಿಸಿದರು. ತನ್ನ ಗಡಿಯೊಳಗೆ ಯಾರು ಬರಬೇಕೆಂದು ನಿರ್ಧರಿಸುವ ಹಕ್ಕು ಪ್ರತಿಯೊಂದು ರಾಷ್ಟ್ರಕ್ಕೂ ಉಂಟು, ಅದರಲ್ಲಿ ವಿವಾದವಿಲ್ಲ. ಆದರೆ ಲಕ್ಷಗಟ್ಟಲೆ ಮನೆಗಳಲ್ಲಿ ತಂದೆಗೆ ಕಾಗದವಿಲ್ಲ, ಮಗುವು ಹುಟ್ಟಿನಿಂದಲೇ ಆ ದೇಶದ ಪ್ರಜೆ. ಭಯವು ಹೊಕ್ಕ ಕೇರಿಯಲ್ಲಿ ಕೂಲಿ ಕೊಡದ ಒಡೆಯನ ಮೇಲೆ ದೂರು ಹೇಳುವವರಿಲ್ಲ. ಸೋರುವ ಮನೆಗೆ ಬಾಡಿಗೆ ಕೇಳುವವನನ್ನು ಪ್ರಶ್ನಿಸುವವರಿಲ್ಲ. ಪುರಸಭೆಯ ಬಾಗಿಲಿಗೆ ಹೋಗಿ ಚರಂಡಿಯ ಲೆಕ್ಕ ಕೇಳುವವರಿಲ್ಲ. ಸಾನ್ ಆಂಟೋನಿಯೋದ ಜನರನ್ನು ಮೇಲೆತ್ತಿದ ಒಂದೇ ಒಂದು ಸಾಧನವೆಂದರೆ ನಿರ್ಭಯವಾಗಿ ಕೇಳುವ ಬಾಯಿ. ಆ ಬಾಯಿಯನ್ನೇ ಮುಚ್ಚಿಸಿದರೆ ಬಡತನವು ಇನ್ನೊಂದು ತಲೆಮಾರಿಗೆ ಭದ್ರವಾಯಿತೆಂದೇ ತಿಳಿಯಬೇಕು.

ಕೇರಿಯನ್ನು ಕಟ್ಟುವವರು ಬಡವರು. ಕೇರಿಯ ಬಡತನವನ್ನು ಕಟ್ಟುವವರು ಬೇರೆಯವರು. ಸಾಲದ ನಕ್ಷೆ, ತೆರಿಗೆಯ ಪಟ್ಟಿ, ಅಣೆಕಟ್ಟಿನ ಜಾಗ, ವಾರ್ಡಿನ ಎಲ್ಲೆ, ಪ್ರವೇಶದ ಕಾನೂನು, ಇವೆಲ್ಲವೂ ಕಚೇರಿಯಲ್ಲಿ ಕುಳಿತು ಲೇಖನಿ ಹಿಡಿದವರ ಕೈಯಿಂದ ಬಂದವು. ಅವುಗಳಲ್ಲಿ ಕೆಲವನ್ನು ಅದೇ ದೇಶದ ಜನರು ಕೇಳಿ, ವಾದಿಸಿ, ಮತ ಹಾಕಿ ಬದಲಾಯಿಸಿದ್ದಾರೆ. ಬದಲಾಯಿಸಿದಲ್ಲೆಲ್ಲ ಫಲವನ್ನೂ ಕಂಡಿದ್ದಾರೆ. ಮನುಷ್ಯರ ಕೈ ಮಾಡಿದ್ದನ್ನು ಮನುಷ್ಯರ ಕೈ ತಿದ್ದಬಲ್ಲುದು. ಲೇಖನಿಯು ತಮ್ಮ ಕೈಯಲ್ಲಿರುವ ಅಧಿಕಾರಿಗಳು, ಯಾವ ದೇಶದವರೇ ಆಗಿರಲಿ, ಬಡವರ ಸ್ವಭಾವವನ್ನು ಪರೀಕ್ಷಿಸುವುದಕ್ಕೆ ಮೊದಲು ತಮ್ಮ ಕಡತಗಳನ್ನು ಒಮ್ಮೆ ಪರೀಕ್ಷಿಸಿ ನೋಡುವುದು ಒಳ್ಳೆಯದು.